ಕೇಳಬೇಕಾದುದು ಅವಳನ್ನು!

ಕಾರ್ಮಿಕ ಬಂಧುಗಳೇ, ಮನೆಯಾಕೆಯ ಸ್ತನದ ಗಡ್ಡೆ ಕ್ಯಾನ್ಸರೆಂದು ತಿಳಿದೊಡನೆ ಭಾವ, ಮೈದುನ, ಊರ ಹಿರಿಯರು ಖೋಲಿಯಲ್ಲಿ ಕೂಡಿ ತೀರ್ಪು ಕೊಡುತ್ತಾರೆ: "ಪೂರ್ತಿ ತೆಗೆಸಿಬಿಡಿ, ಪೀಡೆ ತೊಲಗಲಿ." ಚಹಾ ತಂದಿಟ್ಟವಳನ್ನು ಯಾರೂ ಕೇಳುವುದಿಲ್ಲ. ನಾನೂ ಹಾಗೆ ಕುಳಿತವನೇ. ಧಣಿ ನಮ್ಮನ್ನು ಕೇಳದೆ ಪಾಳಿ ಬದಲಿಸಿದರೆ ಸುಮ್ಮನಿರುತ್ತೇವೆಯೇ?

ಪೂರ್ತಿ ತೆಗೆದರೇ ಜೀವ ಉಳಿಯುವುದೆಂಬುದು ಹಳೆಯ ನಂಬಿಕೆ. ಇಟಲಿಯ ಡಾ. ವೆರೊನೇಸಿಯವರು ಸಣ್ಣ ಗಡ್ಡೆಯ ರೋಗಿಗಳನ್ನು 20 ವರ್ಷ ಗಮನಿಸಿ 2002ರಲ್ಲಿ ತಿಳಿಸಿದರು: ಗಡ್ಡೆಯಿದ್ದ ಭಾಗವನ್ನಷ್ಟೇ ತೆಗೆದು ವಿಕಿರಣ ಕೊಟ್ಟರೂ ಬದುಕುಳಿಯುವವರು ಅಷ್ಟೇ ಮಂದಿ. ಅದೇ ಸ್ತನದಲ್ಲಿ ರೋಗ ಮರಳುವ ಸಂಭವ ತುಸು ಹೆಚ್ಚು, ನಿಜ. ಗಡ್ಡೆ ದೊಡ್ಡದಿದ್ದರೆ ಪೂರ್ತಿ ತೆಗೆಯಬೇಕಾದೀತು. ವಿಕಿರಣಕ್ಕೆ ವಾರಗಟ್ಟಲೆ ಓಡಾಟ, ರಜೆ ಬೇಕು. ಆ ರಜೆ ಕೇಳಲು ಅಂಜಿ ಅವಳ ಅಂಗ ಕೊಯ್ಯಿಸುವುದೇ?

ಪರೇಲಿನ ಟಾಟಾ ಆಸ್ಪತ್ರೆ 1941ರಿಂದ ನಮ್ಮ ಚಾಳುಗಳ ಪಕ್ಕದಲ್ಲೇ ಇದೆ. ಕರೆದೊಯ್ಯಿರಿ. ಡಾಕ್ಟರ ಮಾತು ಅವಳಿಗೆ ತಿಳಿಯದಿದ್ದರೆ ಕನ್ನಡದಲ್ಲಿ ತಿಳಿಸಿಹೇಳಿ. ಉತ್ತರ ಅವಳೇ ಕೊಡಲಿ.