ಭದ್ರಾವತಿಯಷ್ಟೇ ಜನರ ನಾಡು

2025ನೆಯ ಇಸವಿ ನವೆಂಬರ್ 18ರಂದು ಜಮೈಕಾ ದೇಶದ ಕಿಂಗ್‌ಸ್ಟನ್ ನಗರದಲ್ಲಿ ಒಂದು ಕಾಲ್ಚೆಂಡಿನ ಪಂದ್ಯ ನಡೆಯಿತು. ಎರಡು ತಂಡಗಳಲ್ಲಿ ಯಾವುದೂ ಒಂದೇ ಒಂದು ಗೋಲನ್ನು ಹೊಡೆಯಲಿಲ್ಲ. ಆತಿಥೇಯರ ಒದೆತಗಳು ಮೂರು ಸಲ ಗೋಲಿನ ಕಂಬಕ್ಕೆ ತಗಲಿ ಹಿಂದಿರುಗಿದವು. ಇನ್ನೇನು ಆಟ ಮುಗಿಯಿತು ಎನ್ನುವಾಗ ಜಮೈಕಾದವರಿಗೆ ಒಂದು ಪೆನಾಲ್ಟಿ ದೊರೆಯಿತು. ಆದರೆ ತೀರ್ಪುಗಾರರು ದೃಶ್ಯವನ್ನು ತೆರೆಯ ಮೇಲೆ ಮರಳಿ ನೋಡಿ ಅದನ್ನು ರದ್ದುಪಡಿಸಿದರು. ಗೋಲಿಲ್ಲದೆ ಮುಗಿದ ಆ ಪಂದ್ಯದಿಂದ ಕುರಸಾವೊ ಎಂಬ ಪುಟ್ಟ ದ್ವೀಪವು 2026ರ ವಿಶ್ವಕಪ್ ಪಂದ್ಯಾವಳಿಗೆ ಅರ್ಹತೆ ಪಡೆಯಿತು. ಗುಂಪಿನ ಆರು ಪಂದ್ಯಗಳಲ್ಲಿ ಮೂರನ್ನು ಗೆದ್ದು, ಮೂರನ್ನು ಸಮ ಮಾಡಿಕೊಂಡು, ಒಂದರಲ್ಲಿಯೂ ಸೋಲದೆ ಅದು ಪಡೆದ ಅಂಕಗಳು ಹನ್ನೆರಡು; ಜಮೈಕಾ ಪಡೆದದ್ದು ಹನ್ನೊಂದು. ವಿಶ್ವಕಪ್ಪಿನ ಇತಿಹಾಸದಲ್ಲಿ ಇಷ್ಟು ಕಡಮೆ ಜನಸಂಖ್ಯೆಯ ನಾಡು ಯಾವುದೂ ಅದುವರೆಗೆ ಈ ಬಾಗಿಲನ್ನು ದಾಟಿರಲಿಲ್ಲ.

ಎಷ್ಟು ಕಡಮೆ? ಸುಮಾರು ಒಂದು ಲಕ್ಷ ಐವತ್ತೈದು ಸಾವಿರ. 2011ರ ಜನಗಣತಿಯಲ್ಲಿ ಭದ್ರಾವತಿ ನಗರದ ಜನಸಂಖ್ಯೆ ಒಂದೂವರೆ ಲಕ್ಷಕ್ಕೆ ತುಸು ಹೆಚ್ಚು. ಕುರಸಾವೊದ ವಿಸ್ತೀರ್ಣ 444 ಚದರ ಕಿಲೋಮೀಟರು. ಶಿವಮೊಗ್ಗ ಜಿಲ್ಲೆಯ ವಿಸ್ತೀರ್ಣವೋ ಎಂಟು ಸಾವಿರ ಚದರ ಕಿಲೋಮೀಟರನ್ನು ಮೀರಿದೆ. ಅಂದರೆ ನಮ್ಮ ಒಂದು ಕಾರ್ಖಾನೆಯ ಊರಿನಷ್ಟು ಜನ, ಒಂದು ತಾಲ್ಲೂಕಿಗಿಂತ ಕಿರಿದಾದ ನೆಲ. ಆ ಒಂದೂವರೆ ಲಕ್ಷದಲ್ಲಿ ಮಕ್ಕಳನ್ನು, ಮುದುಕರನ್ನು, ಪುರುಷರ ತಂಡವಾದುದರಿಂದ ಹೆಂಗಸರನ್ನು ಕಳೆದರೆ ಉಳಿಯುವ ತರುಣರೆಷ್ಟು? ಅವರಲ್ಲಿ ಚೆಂಡಾಟ ಬಲ್ಲವರೆಷ್ಟು? ಕುರಸಾವೊಗೆ ಮೊದಲು ಈ ಕೀರ್ತಿಯನ್ನು ಹೊಂದಿದ್ದ ನಾಡು ಐಸ್‌ಲೆಂಡ್. 2018ರಲ್ಲಿ ಅದು ವಿಶ್ವಕಪ್ಪಿನಲ್ಲಿ ಆಡಿದಾಗ ಅದರ ಜನಸಂಖ್ಯೆ ಮೂರೂವರೆ ಲಕ್ಷದ ಆಸುಪಾಸು. 2011ರಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆ ಮೂರು ಲಕ್ಷ ಇಪ್ಪತ್ತೆರಡು ಸಾವಿರ. ಹೀಗೆ ಒಂದು ನಾಡು ಭದ್ರಾವತಿಯಷ್ಟು, ಇನ್ನೊಂದು ಶಿವಮೊಗ್ಗೆಯಷ್ಟು. 'ನಮ್ಮದು ಸಣ್ಣ ಊರು, ಇಲ್ಲಿ ಏನು ತಾನೆ ಸಾಧ್ಯ?' ಎಂದು ನಿಟ್ಟುಸಿರು ಬಿಡುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಕುರಸಾವೊಗೂ ಭದ್ರಾವತಿಗೂ ಜನಸಂಖ್ಯೆಯಲ್ಲಿ ಮಾತ್ರವಲ್ಲ, ಬಾಳಿನ ರೀತಿಯಲ್ಲಿಯೂ ಹೋಲಿಕೆಯಿದೆ. ಬೆಂಕಿಪುರವೆಂಬ ಹೆಸರಿದ್ದ ಊರು ಭದ್ರಾನದಿಯ ಹೆಸರನ್ನು ಪಡೆದು ಭದ್ರಾವತಿಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1918ರಲ್ಲಿ, ಅಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಆರಂಭವಾಯಿತು. ಕೆಮ್ಮಣ್ಣುಗುಂಡಿಯ ಅದಿರು ಬೆಟ್ಟದಿಂದಿಳಿದು ಬಂತು. 1923ರಲ್ಲಿ ಕುಲುಮೆಗೆ ಬೆಂಕಿ ಬಿತ್ತು. ಕಾರ್ಖಾನೆಯ ಆಡಳಿತದ ಹೊಣೆಯನ್ನು ಸರ್ ಎಂ. ವಿಶ್ವೇಶ್ವರಯ್ಯನವರು ಹೊತ್ತರು. ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳ ಮಾತನಾಡುವ ಜನ ಕೂಲಿಯನ್ನರಸಿ ಬಂದು ಒಂದೇ ಸೈರನ್ನಿನ ಕೂಗಿಗೆ ಏಳುವ ಊರನ್ನು ಕಟ್ಟಿದರು. ಅತ್ತ ಕುರಸಾವೊದಲ್ಲಿಯೂ ಅದೇ 1918ರಲ್ಲಿ ಎಣ್ಣೆ ಶುದ್ಧಿಯ ಕಾರ್ಖಾನೆಯೊಂದು ಕೆಲಸ ಆರಂಭಿಸಿತು. ಕಚ್ಚಾ ಎಣ್ಣೆ ಬಂದದ್ದು ಸಮುದ್ರದಾಚೆಯ ವೆನೆಜುವೆಲಾದಿಂದ. ಕೂಲಿಗಾರರು ಬಂದದ್ದು ಸುರಿನಾಮದಿಂದ, ಪೋರ್ಚುಗಲ್ಲಿನ ಮದೀರಾದಿಂದ, ನೆರೆಯ ದ್ವೀಪಗಳಿಂದ. ಆ ದ್ವೀಪದ ಮಾತಾದ ಪಾಪಿಯಮೆಂತು ಸಹ ಪೋರ್ಚುಗೀಸ್, ಸ್ಪ್ಯಾನಿಷ್, ಡಚ್ ಹಾಗೂ ಆಫ್ರಿಕದ ನುಡಿಗಳು ಬೆರೆತು ಹುಟ್ಟಿದ್ದು. ಭದ್ರಾವತಿಯ ಪೇಟೆಯಲ್ಲಿ ಒಂದು ಗಳಿಗೆ ನಿಂತು ಕಿವಿಗೊಟ್ಟವರಿಗೆ ಇಂಥ ಬೆರಕೆಯ ಸೊಗಸನ್ನು ವಿವರಿಸಬೇಕಾಗಿಲ್ಲ.

ಕಾರ್ಖಾನೆಯನ್ನು ನೆಚ್ಚಿದ ಊರುಗಳಿಗೆ ಒಂದೇ ಬಗೆಯ ಸಂಕಟ ಬರುತ್ತದೆ. 1985ರಲ್ಲಿ ಎಣ್ಣೆಯ ಕಂಪನಿಯಾದ ಷೆಲ್ ಕುರಸಾವೊವನ್ನು ಬಿಟ್ಟು ಹೊರಟಿತು; ಕಾರ್ಖಾನೆಯನ್ನು ದ್ವೀಪದ ಸರಕಾರಕ್ಕೆ ಮಾರಿದ್ದು ನೆಪಮಾತ್ರದ ಒಂದು ಗಿಲ್ಡರ್ ನಾಣ್ಯಕ್ಕೆ. ಕೆಲಸ ತಪ್ಪಿದವರು, ತಪ್ಪೀತೆಂದು ಹೆದರಿದವರು ಗುಂಪುಗುಂಪಾಗಿ ಡಚ್ ದೇಶಕ್ಕೆ ವಲಸೆ ಹೋದರು. ಕುರಸಾವೊ ಇಂದಿಗೂ ಡಚ್ ರಾಜಸತ್ತೆಗೆ ಸೇರಿದ ಸ್ವಯಮಾಡಳಿತದ ನಾಡು. ಅದಕ್ಕೆ ಈಗಿನ ಸ್ಥಾನ ದೊರೆತದ್ದು 2010ರಲ್ಲಿ. ಆದುದರಿಂದ ಅಲ್ಲಿನವರಿಗೆ ಡಚ್ ಪೌರತ್ವವಿದ್ದು, ಆ ವಲಸೆಗೆ ತಡೆಯಿರಲಿಲ್ಲ. ಇತ್ತ ಭದ್ರಾವತಿಯಲ್ಲಿಯೂ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತವು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಕಾರ್ಮಿಕರು ಧರಣಿ ಕುಳಿತರು. ಬೆಂಗಳೂರಿಗೆ ಹೊರಡುವ ಬಸ್ಸಿನಲ್ಲಿ, ರೈಲಿನಲ್ಲಿ ಈ ಊರಿನ ತರುಣರು ಎಷ್ಟು ಮಂದಿ ಹೋದರೆಂಬುದನ್ನು ಮನೆಮನೆಯ ತಾಯಂದಿರೇ ಹೇಳಬಲ್ಲರು.

ಕುರಸಾವೊದ ಗೆಲವಿನ ಗುಟ್ಟು ಅಡಗಿರುವುದು ಈ ವಲಸೆಯಲ್ಲಿಯೇ. ಕಿಂಗ್‌ಸ್ಟನ್ನಿನಲ್ಲಿ ಆಡಿದ ತಂಡದವರಲ್ಲಿ ಬಹುತೇಕ ಎಲ್ಲರೂ ಹುಟ್ಟಿದ್ದು ಡಚ್ ದೇಶದಲ್ಲಿ. ದ್ವೀಪದ ವಿಲೆಮ್‌ಸ್ಟಾಡ್ ಪಟ್ಟಣದಲ್ಲಿ ಹುಟ್ಟಿದ ತಾಹಿತ್ ಚೊಂಗ್‌ನಂಥವರು ಅಪವಾದ. ವಲಸೆ ಹೋದವರ ಮಕ್ಕಳು, ಮೊಮ್ಮಕ್ಕಳು ಡಚ್ ಕ್ಲಬ್ಬುಗಳ ಅಂಗಳದಲ್ಲಿ ಬಾಲ್ಯದಿಂದ ಪಳಗಿ, ಅಜ್ಜಿಯ ನಾಡಿಗಾಗಿ ಆಡಲು ಬಂದವರು. ಅವರ ಶಿಕ್ಷಕ ಡಿಕ್ ಅಡ್ವೊಕಾಟ್ ಕೂಡ ಡಚ್ಚರೇ. ಎಪ್ಪತ್ತೆಂಟು ವರ್ಷದ ಅವರು ಮನೆಯ ಅಡಚಣೆಯಿಂದಾಗಿ ಅಂದಿನ ಪಂದ್ಯದ ವೇಳೆ ಮೈದಾನದಲ್ಲಿಯೇ ಇರಲಿಲ್ಲ! ಇದನ್ನು ಕಂಡು 'ಎರವಲು ತಂಡ' ಎಂದು ಮೂಗುಮುರಿದವರುಂಟು. ಆ ಮಾತು ಸರಿಯಲ್ಲ. ಮಾರಿಜಾತ್ರೆಗೆ ಮುಂಬಯಿಯಿಂದಲೋ ಬೆಂಗಳೂರಿನಿಂದಲೋ ಬಂದು ತೇರಿನ ಹಗ್ಗಕ್ಕೆ ಕೈಯಿಕ್ಕುವವನನ್ನು ಊರಿನವರು ಎರವಲು ಭಕ್ತನೆಂದು ಕರೆಯುವುದುಂಟೆ? ಹೊಟ್ಟೆಪಾಡಿಗಾಗಿ ಊರು ಬಿಟ್ಟವರ ಮಕ್ಕಳಿಗೆ ಊರಿನ ಹೆಸರಿನಲ್ಲಿ ಒಂದು ಕೆಲಸ ಮಾಡುವ ಅವಕಾಶ ದೊರೆತರೆ ಅದು ಅವರ ಹಕ್ಕೇ ಸರಿ.

ಹಾಗೆಂದು ಕುರಸಾವೊದ ಹಾದಿಯೇ ಎಲ್ಲರ ಹಾದಿಯಾಗಲಾರದು. ಆ ವರ್ಷ ಪಂದ್ಯಾವಳಿಯ ತಂಡಗಳ ಸಂಖ್ಯೆ ಮೂವತ್ತೆರಡರಿಂದ ನಲವತ್ತೆಂಟಕ್ಕೆ ಏರಿತ್ತು. ಆ ಭಾಗದ ಬಲಿಷ್ಠರಾದ ಅಮೆರಿಕ, ಮೆಕ್ಸಿಕೊ, ಕೆನಡಗಳು ಆತಿಥೇಯರಾದುದರಿಂದ ಅರ್ಹತೆಯ ಪಂದ್ಯಗಳಲ್ಲಿ ಆಡಲೇ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಅದರ ಆಟಗಾರರನ್ನು ಬೆಳೆಸಿದ್ದು ಬೇರೆಯ ನೆಲ, ಬೇರೆಯವರ ಹಣ. ಭದ್ರಾವತಿಗೆ ಅಂಥ ಡಚ್ ದೇಶವೊಂದಿಲ್ಲ. ಹೆಚ್ಚೆಂದರೆ ಬೆಂಗಳೂರು ಇದೆ. ಅದು ತನ್ನಲ್ಲಿಗೆ ಬಂದ ಪ್ರತಿಭೆಯನ್ನು ಮರಳಿ ಕೊಡುವ ಊರಲ್ಲ.

ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥರ ಬಾಳನ್ನೇ ನೋಡಬಹುದು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ತಮ್ಮ ಮೊದಲ ಟೆಸ್ಟ್ ಕ್ರಿಕೆಟ್ ಪಂದ್ಯವನ್ನಾಡಿದ ಅವರು ಮೊದಲ ಸರದಿಯಲ್ಲಿ ಸೊನ್ನೆಗೆ ಔಟಾಗಿ, ಎರಡನೆಯದರಲ್ಲಿ 137 ಓಟಗಳನ್ನು ಗಳಿಸಿದರು. ಊರಿಗೆ ಅದು ಹೆಮ್ಮೆಯೇ. ಆದರೆ ಒಬ್ಬ ದೊಡ್ಡ ಆಟಗಾರ ಎಲ್ಲಿ ಬೇಕಾದರೂ ಹುಟ್ಟಬಹುದು. ಬಂಡೆಯ ಬಿರುಕಿನಲ್ಲಿಯೂ ಆಲದ ಸಸಿ ಮೊಳೆಯುತ್ತದೆ. ಹನ್ನೊಂದು ಮಂದಿಯ ತಂಡವೊಂದು ಹಾಗೆ ಮೊಳೆಯುವುದಿಲ್ಲ. ಅದಕ್ಕೆ ಗೆಳೆಯರು ಬೇಕು, ಎದುರಾಳಿಗಳು ಬೇಕು, ಸೋತ ಮರುವಾರ ಮತ್ತೆ ಆಡಲು ಒಂದು ಬಯಲು ಬೇಕು. ಒಬ್ಬನನ್ನು ಹುಡುಕಿ ಕರೆದೊಯ್ಯುವುದರಿಂದ ರಾಜಧಾನಿಗೆ ಲಾಭವಾದೀತು, ಊರಿಗೆ ಹೆಸರು ಬಂದೀತು. ಊರಿನ ಉಳಿದ ಹುಡುಗರ ಸಂಜೆ ಮೊದಲಿನಂತೆಯೇ ಉಳಿಯುತ್ತದೆ.

ಕರ್ನಾಟಕದ ಕಾಲ್ಚೆಂಡಿನ ಕಥೆಯಲ್ಲಿರುವ ಕೊರತೆಯೂ ಇದೇ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಆಟಗಾರರಲ್ಲಿ ಹಲವರು ಬರಿಗಾಲಿನಲ್ಲಿ ಆಡಿ ಫ್ರಾನ್ಸಿನೆದುರು ಒಂದಕ್ಕೆ ಎರಡು ಗೋಲುಗಳಿಂದ ಸೋತರು. ಅಂದು ಭಾರತದ ಪರವಾಗಿ ಗೋಲು ಹೊಡೆದವರು ಬೆಂಗಳೂರಿನ ರಾಮನ್. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮ್ಮವರ ಮೇಲೆ ಹತ್ತು ಗೋಲುಗಳನ್ನು ಸುರಿದಾಗ ನಮ್ಮ ಏಕೈಕ ಗೋಲು ಬೆಂಗಳೂರಿನವರೇ ಆದ ಅಹಮದ್ ಖಾನರ ಕಾಲಿನಿಂದ ಬಂತು. ಕುತೂಹಲದ ಸಂಗತಿಯೆಂದರೆ ಅದೇ ಹೆಲ್ಸಿಂಕಿಯಲ್ಲಿ ಕುರಸಾವೊದವರನ್ನು ಒಳಗೊಂಡ ಡಚ್ ಆಂಟಿಲಿಸ್ ತಂಡವೂ ಆಡಿ, ತುರ್ಕಿಯೆದುರು ಒಂದಕ್ಕೆ ಎರಡರಿಂದ ಸೋತು ಹಿಂದಿರುಗಿತು. ಆ ತಂಡದ ಗೋಲುಕಾವಲಿಗ ಎರ್ಗಿಲಿಯೊ ಹಾಟೊನ ಹೆಸರನ್ನೇ ವಿಲೆಮ್‌ಸ್ಟಾಡಿನ ಕ್ರೀಡಾಂಗಣಕ್ಕೆ ಇಟ್ಟಿದ್ದಾರೆ. ರಾಮನ್, ಅಹಮದ್ ಖಾನರ ಹೆಸರು ಕೇಳಿದ ವಿದ್ಯಾರ್ಥಿಗಳು ಒಂದು ತರಗತಿಯಲ್ಲಿ ಎಷ್ಟು ಮಂದಿ ಸಿಕ್ಕಾರು?

ಅಂದಿನ ಮೈಸೂರು ಸಂಸ್ಥಾನದ ತಂಡ 1946-47ರಲ್ಲಿ ಬಂಗಾಳವನ್ನು ಮಣಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಅನಂತರ 1952-53ರಲ್ಲಿ, 1967-68ರಲ್ಲಿ, 1968-69ರಲ್ಲಿ. ಆಮೇಲೆ ಐವತ್ತನಾಲ್ಕು ವರ್ಷಗಳ ಮೌನ. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಮೇಘಾಲಯವನ್ನು ಎರಡಕ್ಕೆ ಮೂರು ಗೋಲುಗಳಿಂದ ಸೋಲಿಸಿ ಕರ್ನಾಟಕ ಮತ್ತೆ ಆ ಪ್ರಶಸ್ತಿಯನ್ನು ತಂದಿತು. ಹಿರಿಯ ಆಟಗಾರರ ಹೆಸರುಗಳನ್ನು ಓದುತ್ತ ಹೋದಂತೆ ಆಸ್ಟಿನ್ ಟೌನ್, ಹಲಸೂರಿನ ಗೌತಮಪುರ ಮುಂತಾದ ಬೆಂಗಳೂರಿನ ಕೇರಿಗಳು ಕಣ್ಣ ಮುಂದೆ ಬರುತ್ತವೆ. ಗೌತಮಪುರದ ಜನ ಬ್ರೆಜಿಲಿನ ಪೆಲೆಯ ಪ್ರತಿಮೆಯನ್ನೇ ತಮ್ಮ ಬೀದಿಯಲ್ಲಿ ನಿಲ್ಲಿಸಿದ್ದಾರೆ. ಒಂದು ಕೇರಿ ಇಷ್ಟನ್ನು ಸಾಧಿಸಿತಲ್ಲ ಎಂದು ಸಂತೋಷಪಡಬೇಕು. ತುಂಗಾಭದ್ರೆಯರ ದಂಡೆಯ ಊರುಗಳು ಈ ಪಟ್ಟಿಯಲ್ಲಿ ಏಕೆ ಎದ್ದು ಕಾಣುವುದಿಲ್ಲ ಎಂದು ಕೇಳಲೂಬೇಕು.

ಇಲ್ಲಿ ಐಸ್‌ಲೆಂಡಿನ ಮಾತು ಪ್ರಯೋಜನಕ್ಕೆ ಬರುತ್ತದೆ. ಅವರು ಹೊರಗಿನಿಂದ ಮೊಮ್ಮಕ್ಕಳನ್ನು ಕರೆಸಲಿಲ್ಲ; ಊರಿನ ಮಕ್ಕಳನ್ನೇ ಪಳಗಿಸಿದರು. ಅಲ್ಲಿನ ಚಳಿಗಾಲ ದೀರ್ಘವಾದದ್ದು, ಹಿಮ ಬೀಳುವ, ಹಗಲು ಬಲು ಕಿರಿದಾದ ಕಾಲ. ಹೊರಗೆ ಆಡುವಂತಿಲ್ಲವೆಂದು ಅವರು ಕೈಕಟ್ಟಿ ಕೂರಲಿಲ್ಲ. 2000ದ ನಂತರ ಇಡೀ ಮೈದಾನವನ್ನೇ ಒಳಗೊಳ್ಳುವ ಮುಚ್ಚುಮಾಡಿನ ಆಟದ ಮನೆಗಳನ್ನು ಕಟ್ಟಿದರು. ಶಾಲೆಗಳ ಪಕ್ಕದಲ್ಲಿ ಚಿಕ್ಕ ಚಿಕ್ಕ ಅಂಗಳಗಳನ್ನು ಮಾಡಿದರು. ಎಳೆಯ ಮಕ್ಕಳಿಗೂ ತರಬೇತಿ ಪಡೆದ ಶಿಕ್ಷಕರೇ ಆಟ ಕಲಿಸಬೇಕೆಂದು ನಿಯಮಿಸಿಕೊಂಡರು. 2016ರ ಯೂರೋಪ್ ಪಂದ್ಯಾವಳಿಯಲ್ಲಿ ಅವರು ಇಂಗ್ಲೆಂಡನ್ನು ಸೋಲಿಸಿದರು. 2018ರ ವಿಶ್ವಕಪ್ಪಿನಲ್ಲಿ ಅರ್ಜೆಂಟೀನದೊಂದಿಗೆ ಸಮಬಲ ಸಾಧಿಸಿದರು. ಅಂದು ಮೆಸ್ಸಿಯ ಪೆನಾಲ್ಟಿಯನ್ನು ತಡೆದ ಗೋಲುಕಾವಲಿಗ ಚಲನಚಿತ್ರಗಳನ್ನು ನಿರ್ದೇಶಿಸಿದವನು. ತಂಡದ ಮುಖ್ಯ ಶಿಕ್ಷಕ ದಂತವೈದ್ಯ! ಸಣ್ಣ ನಾಡಿನಲ್ಲಿ ಒಬ್ಬೊಬ್ಬನೂ ಎರಡು ಕೆಲಸ ಮಾಡಬೇಕಾಗುತ್ತದೆ. ಮಲೆನಾಡಿನಲ್ಲಿ ಆಟಕ್ಕೆ ಮಳೆ ಅಡ್ಡಿ ಎನ್ನುವವರು ಆ ಹಿಮದ ನಾಡನ್ನು ನೆನೆಯಬೇಕು. ಕೆಸರುಗದ್ದೆಯಲ್ಲಿ ಓಡುವುದನ್ನು ಹಬ್ಬವಾಗಿ ಆಚರಿಸುವ ಜನಕ್ಕೆ ತೊಯ್ದ ಮೈದಾನದ ಭಯವೇಕೆ?

ಐಸ್‌ಲೆಂಡ್ ಸಿರಿವಂತ ದೇಶ, ನಗರಸಭೆಯೊಂದನ್ನು ಅದಕ್ಕೆ ಹೋಲಿಸುವುದು ಅನ್ಯಾಯ ಎಂಬ ಆಕ್ಷೇಪವಿದೆ. ಅದರಲ್ಲಿ ಸತ್ಯವಿದೆ. ಮುಚ್ಚುಮಾಡಿನ ಆಟದ ಮನೆಯನ್ನು ಯಾರೂ ಕೇಳುತ್ತಿಲ್ಲ. ಕೇಳುವುದು ಇರುವ ಬಯಲನ್ನು ಬಯಲಾಗಿಯೇ ಉಳಿಸಬೇಕೆಂದು. ಕಾರ್ಖಾನೆಯ ಊರು ಕಟ್ಟಿದವರು ಕುಲುಮೆಯ ಜೊತೆಗೆ ವಸತಿ, ಶಾಲೆ, ಆಸ್ಪತ್ರೆ, ಆಟದ ಬಯಲುಗಳಿಗೂ ಜಾಗ ಬಿಟ್ಟರು. ಕಾರ್ಖಾನೆ ಸೊರಗಿದಾಗ ಮೊದಲು ಅನಾಥವಾಗುವುದು ಬಯಲು. ಅದಕ್ಕೆ ಸಂಘವಿಲ್ಲ, ಅದು ಧರಣಿ ಕೂರಲಾರದು. ಒಂದು ವರ್ಷ ವಸ್ತುಪ್ರದರ್ಶನ, ಇನ್ನೊಂದು ವರ್ಷ ಮರಳಿನ ರಾಶಿ, ಮೂರನೆಯ ವರ್ಷ ಬೇಲಿ. ಎಲ್ಲ ಊರುಗಳಲ್ಲಿಯೂ ಬಯಲು ಕರಗುವ ಕ್ರಮ ಇದೇ. ಶಾಲೆಗಳ ತಪ್ಪೂ ಇದರಲ್ಲಿ ಕಡಮೆಯಿಲ್ಲ. ವೇಳಾಪಟ್ಟಿಯಲ್ಲಿರುವ ಆಟದ ಅವಧಿಯನ್ನು ಡಿಸೆಂಬರ್ ಕಳೆದ ಮೇಲೆ ಗಣಿತದ ಮೇಷ್ಟರು ಎರವಲು ಪಡೆಯುತ್ತಾರೆ; ಆ ಎರವಲು ಎಂದಾದರೂ ಹಿಂದಿರುಗಿದೆಯೆ? ಹುಡುಗಿಯರಿಗೋ, ಆ ಅವಧಿ ಇದ್ದರೂ ಅನೇಕ ಕಡೆ ಅಂಚಿನಲ್ಲಿ ನಿಂತು ನೋಡುವುದಕ್ಕೆ ಮಾತ್ರ.

ವರ್ಷಕ್ಕೊಮ್ಮೆ ನಡೆಯುವ ತಾಲ್ಲೂಕು ಮಟ್ಟದ ಪಂದ್ಯಗಳು ಇದಕ್ಕೆ ಪರಿಹಾರವಲ್ಲ. ಮೊದಲ ಸುತ್ತಿನಲ್ಲಿ ಸೋತ ಶಾಲೆಯ ಮಕ್ಕಳು ಒಂದೇ ಪಂದ್ಯವನ್ನಾಡಿ ಮರುವರ್ಷದವರೆಗೆ ಕಾಯುತ್ತಾರೆ. ಕುರಸಾವೊಗಾಗಿ ಆಡಿದ ಹುಡುಗರು ಡಚ್ ಕ್ಲಬ್ಬುಗಳಲ್ಲಿ ಎಳವೆಯಿಂದ ವಾರವಾರವೂ ಆಡಿದವರು. ಸೋತರೂ ಮುಂದಿನ ಶನಿವಾರ ಅವರಿಗೆ ಇನ್ನೊಂದು ಪಂದ್ಯ ಕಾದಿರುತ್ತಿತ್ತು. ಶಿವಮೊಗ್ಗೆಗೂ ಭದ್ರಾವತಿಗೂ ನಡುವೆ ಇರುವುದು ಇಪ್ಪತ್ತು ಕಿಲೋಮೀಟರು. ಎರಡು ಊರುಗಳ ಹತ್ತು ಹನ್ನೆರಡು ಪ್ರೌಢಶಾಲೆಗಳು ಒಪ್ಪಿದರೆ ಜೂನಿನಿಂದ ಜನವರಿಯವರೆಗೆ ವಾರಕ್ಕೊಂದು ಪಂದ್ಯ ನಡೆಸಬಹುದು. ಅದಕ್ಕೆ ಬೇಕಾದದ್ದು ಎರಡು ಚೆಂಡು, ನಾಲ್ಕು ಕಂಬ, ಸೀಟಿ ಊದುವ ಒಬ್ಬ ಮೇಷ್ಟರು, ಹೋಗಿಬರುವ ಬಸ್ಸಿನ ಖರ್ಚು. ಶನಿವಾರ ಬೆಳಗಿನ ಶಾಲೆ ಮುಗಿಸಿ ಶಿವಮೊಗ್ಗೆಯಲ್ಲಿ ಬಸ್ಸು ಹತ್ತಿದ ಮಕ್ಕಳು ಭದ್ರಾವತಿಯಲ್ಲಿ ಆಡಿ, ಗೆದ್ದೋ ಸೋತೋ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು.