ಅಪ್ಪನ ಸಾಲಕ್ಕೆ ಹಂಗಾಮು, ಮಗಳ ಸಾಲಕ್ಕೆ 90 ದಿನ

"ಅಣ್ಣಾ, ಯಾವ್ದಕ್ಕ ಸಹಿ ಮಾಡ್ಲಿ? ಐದು ವರ್ಷ ಅಂದ್ರ ಕಟ್ಟಾಕ ಆಗಂಗಿಲ್ಲ. ಹದಿನೈದು ಅಂದ್ರ ಅಪ್ಪ ಹೆದರ್ತಾನ."

ಬೆಂಗಳೂರಿನ ಪಿಜಿಯಿಂದ ಫೋನ್ ಮಾಡಿದವಳು ಶಿರಹಟ್ಟಿ ಕಡೆಯ ಹುಡುಗಿ. ಬಿಇ ಆಗಿದೆ, ಸಂಬಳ 22 ಸಾವಿರ. ಅಪ್ಪನದು ಉಳ್ಳಾಗಡ್ಡಿ, ಮೆಣಸಿನಕಾಯಿ. ಶಿಕ್ಷಣ ಸಾಲದಲ್ಲಿ ಅಪ್ಪ ಸಹ-ಸಾಲಗಾರ. ಮಗಳು ಕಂತು ತಪ್ಪಿಸಿದರೆ ಅಪ್ಪನ ಸಿಬಿಲ್ ಸ್ಕೋರೂ ಕೆಡುತ್ತದೆ, ನಾಳೆ ಬೆಳೆಸಾಲಕ್ಕೆ ಅದು ಅಡ್ಡ ಬರಬಹುದು. ಹೆದರಿಕೆ ಸುಮ್ಮನೆ ಅಲ್ಲ.

ಎಂಜಿನಿಯರಿಂಗ್ ಬಿಟ್ಟು ಪತ್ರಕರ್ತನಾದರೂ ಎಕ್ಸೆಲ್ ಬಿಟ್ಟಿಲ್ಲ. ಲೆಕ್ಕ ಹಾಕಿದೆ. ವರ್ಷಕ್ಕೆ 1 ಲಕ್ಷದಂತೆ 4 ಲಕ್ಷ ಸಾಲ, ಬಡ್ಡಿ ಶೇ. 10 ಅಂತಿಟ್ಟುಕೊಳ್ಳಿ. ಓದುವ ನಾಲ್ಕು ವರ್ಷ, ಆಮೇಲಿನ ಒಂದು ವರ್ಷ ಕಂತಿಲ್ಲ. ಆದರೆ ಸರಳ ಬಡ್ಡಿ ಓಡುತ್ತಲೇ ಇರುತ್ತದೆ. ಮೊದಲ ಕಂತು ಕಟ್ಟುವ ಹೊತ್ತಿಗೆ ಸಾಲ 5.40 ಲಕ್ಷ!

ಐದು ವರ್ಷಕ್ಕಾದರೆ ತಿಂಗಳಿಗೆ ಸುಮಾರು 11,473 ರೂ., ಒಟ್ಟು 6.88 ಲಕ್ಷ. ಹತ್ತು ವರ್ಷಕ್ಕೆ 7,136, ಒಟ್ಟು 8.56 ಲಕ್ಷ. ಹದಿನೈದಕ್ಕೆ 5,803, ಒಟ್ಟು 10.44 ಲಕ್ಷ.

ನಾನು ಹೇಳಿದ್ದು: ಹದಿನೈದಕ್ಕೇ ಸಹಿ ಮಾಡು, ಆದರೆ ಹದಿನೈದು ವರ್ಷ ಕಟ್ಟಬೇಡ. ಕೈ ನಡೆದಾಗ ತಿಂಗಳಿಗೆ 1,333 ರೂ. ಹೆಚ್ಚು ಕಟ್ಟಿದರೂ ಸಾಲ ಹತ್ತು ವರ್ಷಕ್ಕೇ ತೀರುತ್ತದೆ, 1.88 ಲಕ್ಷ ಉಳಿಯುತ್ತದೆ. ಕೆಲಸ ಹೋದ ತಿಂಗಳು 5,803 ಹೊಂದಿಸಿದರೆ ಸಾಕು. ಹೆಚ್ಚಿಗೆ ಕಟ್ಟಿದ್ದು ಅಸಲಿಗೇ ಜಮಾ ಆಗಬೇಕು, ಅವಧಿಗೆ ಮುಂಚೆ ಕಟ್ಟಿದ್ದಕ್ಕೆ ದಂಡ ಇರಬಾರದು. ಇವೆರಡನ್ನೂ ಬ್ಯಾಂಕಿನಿಂದ ಬರಹದಲ್ಲಿ ತಗೊಳ್ಳಿ.

ಇನ್ನೂ ಓದುತ್ತಿರುವವರಿಗೆ ಒಂದು ಮಾತು. ಕುಟುಂಬದ ಆದಾಯ 4.5 ಲಕ್ಷದೊಳಗಿದ್ದು ಕೋರ್ಸು, ಕಾಲೇಜು ನಿಯಮಕ್ಕೆ ಹೊಂದಿದರೆ, ಕಂತಿಲ್ಲದ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುತ್ತದೆ. ಆದಾಯ ಪ್ರಮಾಣಪತ್ರ ಕೊಟ್ಟು ಕೇಳಬೇಕು. ಮೇಲಿನ ಲೆಕ್ಕದಲ್ಲಿ ಅದು 1.40 ಲಕ್ಷ ರೂಪಾಯಿಯ ಮಾತು. ಬಡ್ಡಿಗೆ ತೆರಿಗೆ ವಿನಾಯಿತಿ ಇದೆ, ನಿಜ. ತೆರಿಗೆಯೇ ಬೀಳದ ಸಂಬಳದವಳಿಗೆ ಅದರಿಂದೇನು?

ಆದರೆ ಎಕ್ಸೆಲ್ಲಿಗೆ ಸಿಗದ ಪ್ರಶ್ನೆ ಒಂದಿದೆ. ಬ್ಯಾಂಕು ಕೇಳುವುದು 'ಎಷ್ಟು ವರ್ಷ?' ಅಂತ ಮಾತ್ರ. 'ಸಂಬಳ ಎಷ್ಟು?' ಅಂತ ಕಂತು ನಿಗದಿ ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಆಸ್ಟ್ರೇಲಿಯಾ 1989ರಲ್ಲೇ ಶುಲ್ಕ ಮರುಪಾವತಿಯನ್ನು ಆದಾಯಕ್ಕೆ ಜೋಡಿಸಿತು. ಗದಗಿಗೆ ಇದು ಹೊಸ ವಿಚಾರವೂ ಅಲ್ಲ. ದೇಶದ ಮೊದಲ ಕೃಷಿ ಸಹಕಾರಿ ಪತ್ತಿನ ಸಂಘ ಹುಟ್ಟಿದ್ದು ಇಲ್ಲೇ ಕಣಗಿನಹಾಳದಲ್ಲಿ, 1905ರಲ್ಲಿ. ಇವತ್ತಿಗೂ ಅಲ್ಪಾವಧಿ ಬೆಳೆಯ ಸಾಲ ವಸೂಲಾಗದ ಸಾಲ ಅನ್ನಿಸಿಕೊಳ್ಳುವುದು ಎರಡು ಹಂಗಾಮು ಬಾಕಿ ಉಳಿದ ಮೇಲೆ. ಅಪ್ಪನ ದುಡಿಮೆ ಮಳೆ ನಂಬಿದೆ ಅಂತ ನಿಯಮ ಒಪ್ಪಿಕೊಂಡಿದೆ. ಮಗಳ ದುಡಿಮೆ ಕಂಪನಿಯ ಮೂಡು ನಂಬಿದೆ. ಅವಳಿಗೆ ಮಾತ್ರ 90 ದಿನ.

ಗದಗ ಇರುವುದು ಪಶ್ಚಿಮ ಪದವೀಧರ ಕ್ಷೇತ್ರದಲ್ಲಿ. ಮುಂಡರಗಿ, ಬೆಟಗೇರಿಯ ಪದವೀಧರರ ಮನೆ ಬಾಗಿಲಿಗೆ ವೋಟು ಕೇಳಲು ಬಂದವರನ್ನು ಕೂರಿಸಿ, ಚಹಾ ಕೊಟ್ಟು, ಇದನ್ನೊಂದು ಕೇಳಿ.