ಅಂಕಣಕಾರರ ತೋಟ ಎಲ್ಲಿದೆ?

ಮಳೆಗಾಲಕ್ಕೆ ಮೊದಲು ಅಟ್ಟ ಗುಡಿಸುವುದು ನಮ್ಮಲ್ಲಿ ವರ್ಷಾವಧಿ ಕೆಲಸ. ಈ ಸಲ ಹಳೇ ಟ್ರಂಕಿನ ಅಡಿಯಲ್ಲಿ ಒಂದು ಕಟ್ಟು ಪತ್ರಿಕೆ ತುಣುಕು ಸಿಕ್ಕಿತು. ಅರ್ಧ ಒರಲೆ ತಿಂದಿತ್ತು, ಅರ್ಧ ನನಗೆ ಉಳಿದಿತ್ತು. ಎಲ್ಲಾ ನಾನೇ ಕತ್ತರಿಸಿ ಇಟ್ಟದ್ದು. ಚೀನಾ, ಡಾಲರು, ಕಚ್ಚಾ ತೈಲ, ವಿಶ್ವ ವ್ಯಾಪಾರ ಸಂಸ್ಥೆ ಅಂತ ದೊಡ್ಡ ದೊಡ್ಡವರು ಬರೆದ ಲೇಖನಗಳು. ಒಂದನ್ನು ಬಿಡಿಸಿ ಓದಿದವನು ಪೊರಕೆ ಬದಿಗಿಟ್ಟು ಅಲ್ಲೇ ಕುಳಿತೆ.

ಅದು 2011ರದ್ದು. ರಬ್ಬರ್ ಕಿಲೋಗೆ 230 ರೂಪಾಯಿ ದಾಟಿದ್ದ ಹೊತ್ತು. ಬರೆದವರು ಅರ್ಥಶಾಸ್ತ್ರ ಬಲ್ಲವರು. ವಾದವೂ ಸಲೀಸು. ಚೀನಾದಲ್ಲಿ ಕಾರು ಕೊಳ್ಳುವವರು ಹೆಚ್ಚುತ್ತಿದ್ದಾರೆ, ಕಾರಿಗೆ ಟಯರು ಬೇಕು, ಟಯರಿಗೆ ರಬ್ಬರು ಬೇಕು. ಆದ್ದರಿಂದ ಇನ್ನು ಬಹುಕಾಲ ಧಾರಣೆ ಇಳಿಯದು. ತುಣುಕಿನ ಬದಿಯಲ್ಲಿ ನನ್ನದೇ ಅಕ್ಷರದಲ್ಲಿ 'ಗುಡ್ಡೆಗೆ ರಬ್ಬರ್?' ಅಂತ ಬರೆದಿದೆ.

ಪ್ರಶ್ನೆ ಚಿಹ್ನೆ ಹಾಕಿದ್ದೆನಲ್ಲ, ಅಷ್ಟು ಬುದ್ಧಿ ಇತ್ತು. ಆದರೂ ಅದೇ ಮಳೆಗಾಲಕ್ಕೆ ಗೇರು ಕಡಿಸಿ ಎರಡು ಎಕ್ರೆಗೆ ರಬ್ಬರ್ ಹಾಕಿಸಿದೆ. ಟ್ಯಾಪಿಂಗಿಗೆ ಬಂದದ್ದು 2018ರಲ್ಲಿ. ಆಗ ಧಾರಣೆ 120ರ ಆಸುಪಾಸು. ನಡುವೆ 2016ರ ಆರಂಭದಲ್ಲಿ ನೂರಕ್ಕಿಂತಲೂ ಕೆಳಗೆ ಹೋಗಿ ಬಂದಿತ್ತು. ಟ್ಯಾಪಿಂಗ್ ಕೂಲಿ, ಆಸಿಡ್, ಮಳೆಗಾಲದಲ್ಲಿ ಮರಕ್ಕೆ ಕಟ್ಟುವ ಪ್ಲಾಸ್ಟಿಕ್ಕು ಎಲ್ಲ ಕಳೆದರೆ ಉಳಿದದ್ದೇನು ಅಂತ ಕೇಳಬೇಡಿ. ಆ ಗೇರು ಕಡಿಯಬಾರದಿತ್ತು ಅಂತ ಮನೆಯವಳು ಈಗಲೂ ಹೇಳುವುದುಂಟು.

ಲೇಖಕರು ಸುಳ್ಳು ಬರೆದರೇ? ಇಲ್ಲ. ಚೀನಾದಲ್ಲಿ ಕಾರು ಹೆಚ್ಚಾದದ್ದು ನಿಜ. ಅವರು ಬಿಟ್ಟದ್ದು ನರ್ಸರಿಯನ್ನು. ಧಾರಣೆ ಏರಿದಾಗ ಗಿಡ ನೆಟ್ಟವನು ನಾನೊಬ್ಬನೇ ಏನು? ಥಾಯ್ಲೆಂಡ್, ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳಲ್ಲಿ ಗುಡ್ಡಗುಡ್ಡಕ್ಕೇ ರಬ್ಬರ್ ಹಾಕಿದರು. ಆರೇಳು ವರ್ಷ ಕಳೆದದ್ದೇ ಆ ಮರಗಳ ಹಾಲೆಲ್ಲ ಮಾರುಕಟ್ಟೆಗೆ ಬಂತು. ಅಷ್ಟು ಹೊತ್ತಿಗೆ ಚೀನಾದ ಓಟವೂ ನಿಧಾನವಾಯಿತು. 2014ರಲ್ಲಿ ಕಚ್ಚಾ ತೈಲ ಕುಸಿದು ಕೃತಕ ರಬ್ಬರೂ ಅಗ್ಗವಾಯಿತು. ರಬ್ಬರಿಗೆ ಏಳು ವರ್ಷ ಬೇಕೆಂಬುದು ನರ್ಸರಿಯವನಿಗೆ ಗೊತ್ತು, ನನಗೂ ಗೊತ್ತಿತ್ತು. ಅಂಕಣದಲ್ಲಿ ಅದು ಇರಲಿಲ್ಲ. ಅಂಕಣದಲ್ಲಿ ಇಲ್ಲದ್ದನ್ನು ನಾನೂ ಮರೆತೆ!

ಲೆಕ್ಕ ಇಟ್ಟ ಪುಣ್ಯಾತ್ಮ

ಹೀಗೆ ಭವಿಷ್ಯ ಹೇಳಿದವರ ಲೆಕ್ಕವನ್ನು ಯಾರಾದರೂ ಇಟ್ಟಿದ್ದಾರಾ? ಅಮೆರಿಕದಲ್ಲಿ ಫಿಲಿಪ್ ಟೆಟ್ಲಾಕ್ ಎಂಬ ಮನಃಶಾಸ್ತ್ರದ ಪ್ರಾಧ್ಯಾಪಕರು ಇಟ್ಟರು. 1980ರ ದಶಕದಲ್ಲಿ ಶುರು ಮಾಡಿ ಸುಮಾರು ಇಪ್ಪತ್ತು ವರ್ಷ, ರಾಜಕೀಯ ಮತ್ತು ಅರ್ಥವ್ಯವಸ್ಥೆಯ ಬಗ್ಗೆ ಬರೆಯುವ, ಸಲಹೆ ಕೊಡುವ 284 ತಜ್ಞರಿಂದ ಸಾವಿರಾರು ಅಂದಾಜು ಬರೆಸಿಕೊಂಡರು. ಕಾಲ ಬಂದಾಗ ಸರಿಯೋ ತಪ್ಪೋ ಅಂತ ತಾಳೆ ನೋಡಿದರು. 2005ರಲ್ಲಿ ಅದನ್ನು ಪುಸ್ತಕವಾಗಿ ತಂದರು. ಒಟ್ಟಾರೆ ಫಲಿತಾಂಶ ಚೀಟಿ ಎತ್ತಿದ್ದಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. ಇನ್ನೂ ಮಜಾ ಅಂದರೆ, ಹೆಸರು ಹೆಚ್ಚಿದ್ದವರ ಅಂದಾಜೇ ಹೆಚ್ಚು ತಪ್ಪಿತ್ತು. ಯಾಕೆಂದರೆ ಟಿ.ವಿ.ಯವರಿಗೆ, ಪತ್ರಿಕೆಯವರಿಗೆ ಖಡಾಖಂಡಿತ ಹೇಳುವವರು ಬೇಕು. 'ಹಾಗೂ ಆಗಬಹುದು, ಆದರೆ ಈ ಕಡೆ ನೋಡಿದರೆ...' ಅಂತ ತಡವರಿಸುವವರನ್ನು ಯಾರು ಕರೆಯುತ್ತಾರೆ? ಸರಿ ಹೇಳುವುದರಲ್ಲಿ ಆ ತಡವರಿಸುವವರೇ ಮೇಲು ಅಂತ ಲೆಕ್ಕ ತೋರಿಸಿತು.

ಅದೇ ಟೆಟ್ಲಾಕ್ 2011ರಿಂದ ಸಾಮಾನ್ಯ ಜನರನ್ನೇ ಸೇರಿಸಿ ಇನ್ನೊಂದು ಪ್ರಯೋಗ ನಡೆಸಿದರು. ದಿನಾಂಕ ಹಾಕಿ ಬರೆದು, ತಪ್ಪಿದಾಗ ತಿದ್ದಿಕೊಳ್ಳುವ ಅಭ್ಯಾಸ ಇದ್ದವರು ಆಶ್ಚರ್ಯವಾಗುವಷ್ಟು ಚೆನ್ನಾಗಿ ಅಂದಾಜು ಮಾಡಿದರು. ನಾವು ಅಡಿಕೆ ಕೊಯ್ಲಿನ ಲೆಕ್ಕ ಇಡುತ್ತೇವಲ್ಲ, ಹಾಗೆ.

ನಮ್ಮ ಮೇಲೆ ಹೇಳಿದ ಭವಿಷ್ಯ

ನಮ್ಮ ದೇಶದ ಕಥೆ ಮುಗಿಯಿತು ಅಂತ ಬರೆದವರೂ ಇದ್ದರು. 1967ರಲ್ಲಿ ವಿಲಿಯಂ ಮತ್ತು ಪಾಲ್ ಪ್ಯಾಡಕ್ ಎಂಬ ಅಮೆರಿಕದ ಅಣ್ಣತಮ್ಮಂದಿರು 1975ಕ್ಕೆ ಮಹಾ ಕ್ಷಾಮ ಅಂತ ಪುಸ್ತಕ ಬರೆದು, ಭಾರತಕ್ಕೆ ಧಾನ್ಯ ಕಳಿಸಿಯೂ ಪ್ರಯೋಜನವಿಲ್ಲ, ಉಳಿಯುವವರಿಗೆ ಕೊಡಿ ಅಂತ ಸಲಹೆ ಕೊಟ್ಟರು. ಅಣ್ಣತಮ್ಮಂದಿರಲ್ಲಿ ಒಬ್ಬರು ಕೃಷಿ ತಜ್ಞರು, ಇನ್ನೊಬ್ಬರು ವಿದೇಶಾಂಗ ಸೇವೆಯವರು. ಎರಡು ಬರಗಾಲ ನೋಡಿ ಬರೆದದ್ದು, ಹುಡುಗಾಟಕ್ಕಲ್ಲ. ಮರುವರ್ಷ, 1968ರಲ್ಲಿ, ಪಂಜಾಬಿನ ಕಡೆ ಹೊಸ ತಳಿಯ ಗೋಧಿ ಎಷ್ಟು ಬಂತೆಂದರೆ ಇಡಲು ಜಾಗ ಸಾಲಲಿಲ್ಲ. ಸರ್ಕಾರ ಅದೇ ವರ್ಷ 'ಗೋಧಿ ಕ್ರಾಂತಿ' ಅಂತ ಅಂಚೆಚೀಟಿ ಹೊರಡಿಸಿತು. ಮುಂದೆ ಅಲ್ಲಿನ ಅಂತರ್ಜಲದ ಗತಿ ಏನಾಯಿತು ಎಂಬುದು ಬೇರೆ ಕಥೆ. ಇನ್ನು ಚಿಂತೆಯೇ ಇಲ್ಲ ಅಂದವರೂ ಅಲ್ಲಿ ತಪ್ಪಿದರು.

ಹತ್ತಿರದ್ದೇ ಬೇಕಾದರೆ 2022 ನೋಡಿ. ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿಗೆ ನುಗ್ಗಿತು. ಕಪ್ಪು ಸಮುದ್ರದ ಗೋಧಿ ನಿಂತಿತು, ಇನ್ನು ಜಗತ್ತಿಗೆ ಅನ್ನ ಹಾಕುವುದು ಭಾರತ ಅಂತ ಅಂಕಣಗಳ ಮೇಲೆ ಅಂಕಣ ಬಂತು. ಅದೇ ಮಾರ್ಚಿನಲ್ಲಿ, ಹವಾಮಾನ ಇಲಾಖೆಯ 122 ವರ್ಷದ ದಾಖಲೆಯಲ್ಲೇ ಇಲ್ಲದ ಸೆಕೆ. ಹಾಲು ತುಂಬುವ ಹೊತ್ತಿಗೆ ಕಾಳು ಮುರುಟಿತು. ಮೇ 13ಕ್ಕೆ ಸರ್ಕಾರ ಗೋಧಿ ರಫ್ತನ್ನೇ ನಿಲ್ಲಿಸಿತು. ಗದ್ದೆಯಲ್ಲಿ ತೆನೆ ಹಿಸುಕಿ ನೋಡಿದವನಿಗೆ ಮಾರ್ಚಿನಲ್ಲೇ ಗೊತ್ತಾಗಿತ್ತು. ಅವನನ್ನು ಕೇಳಿದವರಾರು?

ಹಾಗಂತ ಬಿಸಾಡಬೇಡಿ

ಇಷ್ಟು ಹೇಳಿದ ಮೇಲೆ, ಇವರನ್ನು ಓದುವುದೇ ಬೇಡ ಅಂತೀರಾ ಅಂತ ಕೇಳಬಹುದು. ಛೆ, ಹಾಗಲ್ಲ. ಅದೇ 2022ರಲ್ಲಿ ಸೊಸೈಟಿಗೆ ಹೋದಾಗ ಒಂದು ಸಾವಿರದ ಆಸುಪಾಸಿನಲ್ಲಿದ್ದ ಪೊಟ್ಯಾಷ್ ಚೀಲಕ್ಕೆ 1,700 ಅಂದರು. ಅಡಿಕೆ ಮರಕ್ಕೆ ವರ್ಷಕ್ಕೆ 140 ಗ್ರಾಂ ಪೊಟ್ಯಾಷ್ ಸತ್ವ ಕೊಡಿ ಅನ್ನುತ್ತದೆ ಶಿಫಾರಸು. ಎಕ್ರೆಗೆ ಐನೂರ ನಲವತ್ತು ಮರ ಇದ್ದರೆ 50 ಕಿಲೋದ ಎರಡೂವರೆ ಚೀಲ ಬೇಕು. ಸೊಸೈಟಿಯವರನ್ನು ಬೈದು ಬಂದೆ. ನಿಜ ಕಾರಣ ತಿಳಿದದ್ದು ಒಂದು ಅಂಕಣದಿಂದ. ಬೆಲಾರುಸ್ ಎಂಬ ದೇಶದಲ್ಲಿ 2020ರ ಚುನಾವಣೆಯಲ್ಲಿ ಗಲಾಟೆ, ಆಮೇಲೆ ಅಮೆರಿಕ, ಯೂರೋಪಿನವರ ನಿರ್ಬಂಧ. ಆ ದೇಶಕ್ಕೆ ಸಮುದ್ರವಿಲ್ಲ. ಪೊಟ್ಯಾಷ್ ಹಡಗೇರುತ್ತಿದ್ದದ್ದು ನೆರೆಯ ಲಿಥುವೇನಿಯಾದ ಬಂದರಿನಿಂದ. 2022ರ ಫೆಬ್ರವರಿಯಲ್ಲಿ ಲಿಥುವೇನಿಯಾ ರೈಲು ದಾರಿಯನ್ನೇ ಮುಚ್ಚಿತು. ಅದೇ ತಿಂಗಳು ಯುದ್ಧ. ಲೋಕದ ಪೊಟ್ಯಾಷ್ ರಫ್ತಿನಲ್ಲಿ ರಷ್ಯಾ-ಬೆಲಾರುಸ್ ಪಾಲು ಹೆಚ್ಚುಕಡಿಮೆ ಐದರಲ್ಲಿ ಎರಡು. ನಾವೋ, ಬೇಕಾದ್ದನ್ನೆಲ್ಲ ಹೊರಗಿನಿಂದಲೇ ತರಿಸುವವರು.

ಎಲ್ಲಿಯ ಮತಪೆಟ್ಟಿಗೆ, ಎಲ್ಲಿಯ ಅಡಿಕೆ ಬುಡ! ಇದನ್ನು ಬಿಡಿಸಿ ಹೇಳುವವರು ನಮಗೆ ಬೇಕೇ ಬೇಕು. ಓದಿದ ಮೇಲೆ ನಾನು ಬೂದಿ, ಸೊಪ್ಪು, ಕೊಟ್ಟಿಗೆ ಗೊಬ್ಬರದ ಲೆಕ್ಕ ಹಾಕಿ ಚೀಲ ಕಡಿಮೆ ಮಾಡಿದೆ. ನಡೆದದ್ದು ಯಾಕೆ ನಡೆಯಿತು ಅಂತ ಅವರು ಹೇಳಿದರೆ ಕೇಳುತ್ತೇನೆ. ಐದು ವರ್ಷ ಬಿಟ್ಟು ಏನಾಗುತ್ತದೆ ಅಂದರೆ, ಸ್ವಾಮೀ, ನಿಮ್ಮ ತೋಟ ಎಲ್ಲಿದೆ ಅಂತ ಕೇಳಬೇಕೆನಿಸುತ್ತದೆ. ಅಂಕಣ ತಪ್ಪಿದರೆ ಮುಂದಿನ ವಾರ ಇನ್ನೊಂದು ಬರೆಯಬಹುದು. ಕಡಿದ ಗೇರು ಮುಂದಿನ ವಾರ ಚಿಗುರುವುದಿಲ್ಲ. ಅದರ ಮೇಲೆ ಅವರಿಗೆ ಜಾರಿಕೊಳ್ಳಲು ದಾರಿ ಬೇಕಾದಷ್ಟಿದೆ. 'ಸಾಧ್ಯತೆ ಇದೆ', 'ತಳ್ಳಿಹಾಕುವಂತಿಲ್ಲ', 'ಮಧ್ಯಾವಧಿಯಲ್ಲಿ'. ಮಧ್ಯಾವಧಿ ಅಂದರೆ ಯಾವ ತಿಂಗಳು?

ನಾನೇನು ಕಡಿಮೆ?

ಬೈಯುವ ಮೊದಲು ನನ್ನದನ್ನೂ ಹೇಳಬೇಕಲ್ಲ. 2003ರಲ್ಲಿ ಹಸಿ ವೆನಿಲ್ಲಾ ಕೋಡು ಕಿಲೋಗೆ ಮೂರು ಸಾವಿರ ದಾಟಿದ್ದಾಗ ಹೆಂಡತಿಯ ತಮ್ಮ ಫೋನು ಮಾಡಿ, "ಹಾಕ್ಬಹುದಾ ಭಾವ?" ಅಂತ ಕೇಳಿದ.

"ಹಾಕು ಮಾರಾಯ, ಮಡಗಾಸ್ಕರಿನಲ್ಲಿ ಚಂಡಮಾರುತ ಬಂದು ಎಲ್ಲ ಹೋಗಿದೆ" ಅಂದೆ. ಅದೂ ಪೇಪರಲ್ಲಿ ಓದಿದ್ದೇ. ಚಂಡಮಾರುತ ಬಂದದ್ದು 2000ದಲ್ಲಿ. ಬಳ್ಳಿ ಹೂ ಬಿಡಲು ಮೂರು ವರ್ಷ ಸಾಕು. ಅಂದರೆ ನಾನು ಫೋನಿನಲ್ಲಿ ಮಾತಾಡುವ ಹೊತ್ತಿಗೆ ಅಲ್ಲಿ ಮತ್ತೆ ನೆಟ್ಟದ್ದು ಕೋಡು ಬಿಡುತ್ತಿತ್ತು! ಭಾವನ ಬಳ್ಳಿಗೆ ಹೂ ಬರುವಾಗ ನೂರು ರೂಪಾಯಿಗೂ ಕೇಳುವವರಿರಲಿಲ್ಲ. ಬೆಳಿಗ್ಗೆ ಕೂತು ಒಂದೊಂದೇ ಹೂವಿಗೆ ಪರಾಗ ಮುಟ್ಟಿಸಿದ್ದ ಅವನ ಹೆಂಡತಿ ಬಹಳ ಕಾಲ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಈಗ ಒಂದು ನೋಟ್‌ಪುಸ್ತಕ ಇಟ್ಟಿದ್ದೇನೆ. ಯಾರು, ಯಾವ ದಿನ, ಏನಾಗುತ್ತದೆ ಅಂದರು, ಎಷ್ಟರೊಳಗೆ ಅಂದರು. ನಾನು ಜಗಲಿಯಲ್ಲಿ ಕೂತು ಹೇಳಿದ್ದೂ ಅದರಲ್ಲೇ. ನನ್ನ ಅಂಕ ಹೇಳುವಂತಿಲ್ಲ ಬಿಡಿ. ಪತ್ರಿಕೆಯವರಿಗೂ ಒಂದು ಅರಿಕೆ: ಧಾರಣೆಯ ಬಗ್ಗೆ, ಆಮದು ನೀತಿಯ ಬಗ್ಗೆ ಯಾರು ಭವಿಷ್ಯ ಬರೆದರೂ, ರೈತರೇ ಬರೆದರೂ, ವರ್ಷ ಬಿಟ್ಟು ಆದದ್ದೇನು ಅಂತ ಅಂಗೈಯಗಲದ ಚೌಕಟ್ಟಿನಲ್ಲಿ ಹಾಕಿ. ನಿಮ್ಮ ಅಟ್ಟದಲ್ಲೂ ಹಳೇ ತುಣುಕು ಇದ್ದೀತು. ಒರಲೆಗೆ ಸಿಗುವ ಮೊದಲು ಕಳಿಸಿ.

ಮೊನ್ನೆ ಪಕ್ಕದ ಮನೆ ಹುಡುಗ ಮೊಬೈಲು ಹಿಡಿದುಕೊಂಡು ಬಂದ. "ಮಾವ, ಕಾಳುಮೆಣಸು ಇನ್ನು ಇಳಿಯುವುದೇ ಇಲ್ವಂತೆ. ಅಡಿಕೆ ಮರಕ್ಕೆಲ್ಲ ಬಳ್ಳಿ ಬಿಡ್ಲಾ?"

"ವಿಯೆಟ್ನಾಂನವರು ಎಷ್ಟು ಬಳ್ಳಿ ಕಿತ್ತು ಕಾಫಿ, ದುರಿಯನ್ ಹಾಕಿದ್ದಾರೆ, ಎಷ್ಟು ಹೊಸದಾಗಿ ನೆಟ್ಟಿದ್ದಾರೆ ಅಂತ ಅದರಲ್ಲಿ ಉಂಟಾ ನೋಡು" ಅಂದೆ.

ಅವನು ಮೇಲಿಂದ ಕೆಳಗಿನವರೆಗೆ ಇನ್ನೊಮ್ಮೆ ಓದಿದ. ಇರಲಿಲ್ಲ. ದಿನಾಂಕ ಹಾಕಿ ಪುಸ್ತಕದಲ್ಲಿ ಬರೆದುಕೊಂಡೆವು. ಸದ್ಯಕ್ಕೆ ಇಪ್ಪತ್ತು ಮರಕ್ಕೆ ಬಿಡುತ್ತಾನಂತೆ.